ಚೊಗರಿನ ಗೋಂದು

ಸಾಗರದ ಹೊರಗಿನ ಆ ಕಾರ್ಖಾನೆಯಲ್ಲಿ ಮರದ ಹೊಟ್ಟಿಗೆ ಗೋಂದು ಕಲಸಿ, ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಹಲಗೆ ಮಾಡುತ್ತಾರೆ. ಗೋಂದಿನಲ್ಲಿರುವ ಫಾರ್ಮಾಲಿನ್ನು ಹಾಳಾದ್ದು. ಪ್ರೆಸ್ಸು ಬಾಯಿ ತೆರೆದರೆ ಸಾಕು, ಕಣ್ಣಿಗೆ ಮೆಣಸಿನ ಪುಡಿ ಎರಚಿದ ಹಾಗೆ. ಅದರ ಮುಂದೆ ನಿಲ್ಲುವ ದಿನೇಶನಿಗೆ ಈಗ ನಾಲ್ಕು ಹೆಜ್ಜೆ ಹಾಕಿದರೆ ಉಬ್ಬಸ. ಆ ಗಾಳಿಯನ್ನೇ ಬಿಡು ಎಂದಿದ್ದರು ಡಾಕ್ಟರು. ಬಿಟ್ಟು ಹೋಗುವುದೆಲ್ಲಿಗೆ?

ದಾರಿ ಹೊಳೆದದ್ದು ಅವನ ಹೆಂಡತಿ ಸುಮನಾಳಿಗೆ. ಅವಳ ಕೆಲಸ ಅಲ್ಲಿಯೇ, ಗೋಂದಿನ ಕೋಣೆಯಲ್ಲಿ. ಅಡಿಕೆ ಬೇಯಿಸಿದ ನೀರು ಮಂದವಾಗಿ ಚೊಗರಾದರೆ, ಕೈಗೆ ಮೆತ್ತಿದ್ದು ಸುಲಭಕ್ಕೆ ಬಿಡುವುದಿಲ್ಲ. ನಿಟ್ಟೂರಿನ ತವರಿಂದ ಒಂದು ಕ್ಯಾನು ಚೊಗರು ತಂದು, ಗಟ್ಟಿ ಮಾಡುವ ಪುಡಿ ಬೆರೆಸಿ, ಹೊಟ್ಟಿಗೆ ಕಲಸಿ, ಅಂಗೈಯಗಲದ ಹಲಗೆ ಮಾಡಿ ಕುದಿನೀರಿಗೆ ಹಾಕಿದಳು. ಹಲಗೆ ಬಿಡಲಿಲ್ಲ. ಕಣ್ಣೂ ಉರಿಯಲಿಲ್ಲ.

"ಒಂದೇ ಒಂದ್ ಕೊಪ್ಪರಿಗೆ ಮಾಡಿ ತೋರ್ಸು. ಸರಿಯಾದ್ರೆ ಹಳೇ ಗೋಂದು ಬಿಟ್ಟೇಬಿಡಣ," ಎಂದ ಮಾಲೀಕ ಶ್ರೀಕರ.

ಮಾಡಿ ತೋರಿಸುವ ದಿನ ಸುಮನಾಳ ತಾಯಿ ಹೂವಮ್ಮ ತಾನೇ ಚೊಗರಿನ ಡ್ರಮ್ಮುಗಳ ಜೊತೆ ಪಿಕಪ್ಪಿನಲ್ಲಿ ಬಂದಿಳಿದಳು, ಮದುವೆಗೆ ಬಂದವಳ ಹಾಗೆ ಹೊಸ ಸೀರೆಯುಟ್ಟು. ಕೊಪ್ಪರಿಗೆ ಕಾಯಿತು, ಪುಡಿ ಬಿತ್ತು. ಕಲಸುವ ಯಂತ್ರ ಎರಡು ಸುತ್ತು ಹಾಕಿ ನರಳಿ ನಿಂತೇಬಿಟ್ಟಿತು. ಒಳಗೆ ಗೋಂದು ಕಲ್ಲಾಗಿತ್ತು.

"ಅವ್ವಾ, ಇದ್ರಲ್ಲಿ ಏನಾದ್ರೂ ಹಾಕಿದ್ಯಾ?"

"ಅಳಿಯಂದ್ರ ಕೆಲ್ಸ ಅಲ್ವನೇ? ಬರೀ ಚೊಗರು ಹೆಂಗೆ ಕೊಡದು? ಬಣ್ಣ ಬರ್ಲಿ ಅಂತ ಸುಣ್ಣ ಬೆರ್ಸೀನಿ."

ಅಡಿಕೆಗೆ ಕೆಂಪು ಬರಲೆಂದು ಅವರ ಮನೆಯಲ್ಲಿ ಚೊಗರಿಗೆ ಸುಣ್ಣ ಹಾಕುವುದು ಅಜ್ಜಿಯ ಕಾಲದ ರೂಢಿ. ಗೋಂದಿಗೆ ಅದು ಬಿದ್ದರೆ ಹೊತ್ತಿಗೆ ಮುಂಚೆ ಗಟ್ಟಿಯಾಗುತ್ತದೆ ಎಂಬುದು ಸುಮನಾಳಿಗೆ ಗೊತ್ತಿತ್ತು. ತಾಯಿಗೆ ಹೇಳಬೇಕೆಂದು ಹೊಳೆದಿರಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಯಾರ್ರೀ ನನ್ ಕೊಪ್ಪರಿಗೆ ಹಾಳ್ಮಾಡಿದ್ದು?" ಶ್ರೀಕರ ಕೂಗಿದ. ಕೆಲಸದವರೆಲ್ಲ ಸುತ್ತ ನೆರೆದರು. ಹೂವಮ್ಮನ ಮುಖ ಬಿಳಿಚಿಕೊಂಡಿತು. ಸುಮನಾ ಬಾಯಿ ತೆರೆಯುವುದರೊಳಗೆ, ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ ದಿನೇಶ ಮುಂದೆ ಬಂದ.

"ನಾನೇ ಸಾರ್. ಪುಡಿ ಜಾಸ್ತಿ ಹಾಕ್ಬಿಟ್ಟೆ."

"ನಿಮ್ಮ ಚೊಗರಿನ ಸಹವಾಸ ಸಾಕು. ಹೋಗು, ಪ್ರೆಸ್ ನೋಡ್ಕೋ."

ದಿನೇಶ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಹೋದ.

"ಸದ್ಯ! ನನ್ನಿಂದ್ಲೇ ಆಯ್ತೇನೋ ಅಂತ ಜೀವ ಹೋಗಿತ್ತು ಕಣೆ," ಎಂದು ಹೂವಮ್ಮ ಮಗಳ ಕೈ ಹಿಡಿದುಕೊಂಡಳು.

"ಇಲ್ಲವ್ವ, ನಿನ್ನಿಂದಲ್ಲ," ಎಂದಳು ಸುಮನಾ. ಅತ್ತ ಪ್ರೆಸ್ಸು ಬಾಯಿ ತೆರೆಯಿತು. ದಿನೇಶ ಕೆಮ್ಮತೊಡಗಿದ.