ಹೆಬ್ಬೆರಳಿಗೆ ಸುತ್ತಿದ ದಾರ

ಹೊಟ್ಟೆಯ ಚರ್ಮವನ್ನು ಎರಡು ಬೆರಳುಗಳಲ್ಲಿ ಹಿಡಿದೆತ್ತಿ ಸೂಜಿಯನ್ನು ನೇರವಾಗಿ ಇಳಿಸಬೇಕು. ಔಷಧ ಪೂರ್ತಿ ಒಳಗೆ ಹೋಗುವವರೆಗೆ ಹಿಡಿತ ಬಿಡಬಾರದು. ಆಮೇಲೆ ಉಜ್ಜಬಾರದು. ಅತ್ತೆ ದಿನವೂ ಉಜ್ಜುತ್ತಿದ್ದರು. ಅವರ ಹೊಟ್ಟೆಯ ತುಂಬ ಕಪ್ಪುಗಟ್ಟಿದ ಕಲೆಗಳಿದ್ದವು.

“ಚುಚ್ಚು, ಚುಚ್ಚು. ನನ್ನ ಮಗನ್ನ ನುಂಗಿದ್ದು ಸಾಲ್ದು ಅಂತ ಈಗ ನನ್ನ ಹೊಟ್ಟೆಗೇ ಕೈ ಹಾಕಿದಾಳೆ, ನೋಡೇ.”

ಅತ್ತೆ ಅದನ್ನು ಹೇಳಿದ್ದು ತಮ್ಮ ತಂಗಿಗೆ. ಅಕ್ಕನ ಸೊಂಟದ ಕೀಲು ಬದಲಾಯಿಸಿದ್ದಾರೆಂದು ಪೋಹಾಂಗ್ ನಗರದಿಂದ ಬಂದಿದ್ದ ಚಿಕ್ಕಮ್ಮ, ಚಳಿಗೆಂದು ಅಡಿಯಿಂದ ಕಾಯಿಸಿದ ಬಿಸಿ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದರು. ಅತ್ತೆ ಈಗ ನೆಲದ ಮೇಲೆ ಕೂರುವಂತಿರಲಿಲ್ಲ. ಬಾಡಿಗೆಗೆ ತಂದ ಮಂಚದಿಂದಲೇ ಮನೆಯನ್ನು ಆಳುತ್ತಿದ್ದರು.

“ಆದ್ರೂ ಅಕ್ಕ, ಇವಳ ಕೈ ಹಗುರ.”

“ಹಗುರ ಯಾಕಿರಲ್ಲ? ಎತ್ಕೊಳ್ಳೋಕೆ ಒಂದು ಕೂಸೂ ಇಲ್ವಲ್ಲ.”

ನಾನು ಸೂಜಿಯನ್ನು ಡಬ್ಬಿಗೆ ಹಾಕಿದೆ.

ಕಳೆದ ವಸಂತದಲ್ಲಿ ನನ್ನ ಗಂಡ ಇನ್‌ಸೊಕ್‌ಗೂ ಇದೇ ಔಷಧ ಕೊಟ್ಟಿದ್ದರು. ಅವನ ಮುರಿದ ಕಾಲಿಗೆ ಶಸ್ತ್ರಚಿಕಿತ್ಸೆಯಾಗಿತ್ತು. ಹೊಟ್ಟೆಯ ಕಲೆಗಳನ್ನು ನೋಡಿ ಅತ್ತೆ, ಮಗನ ರಕ್ತ ಸಾಯುತ್ತಿದೆ ಎಂದು ಎಲ್ಲ ಸೂಜಿಗಳನ್ನೂ ಕಸಕ್ಕೆ ಹಾಕಿ, ದನದ ಮೂಳೆಯ ಸಾರು ಕುಡಿಸಿದರು. ನಾನು ಜಗಳವಾಡಿದೆ. ಇನ್‌ಸೊಕ್ ಅಮ್ಮನ ಮಾತು ಕೇಳಿದ.

ಒಂದು ಮಧ್ಯಾಹ್ನ, ನಾನು ಕೆಲಸಕ್ಕೆ ಹೋಗಿದ್ದಾಗ, ಅವನಿಗೆ ಎದೆ ಬಿಗಿಯಿತು. ಅತ್ತೆ ಅಜೀರ್ಣ ಅಂದುಕೊಂಡರು. ಅದಕ್ಕೆ ಹಳಬರು ಮಾಡುವಂತೆ ಬೆನ್ನು ತಟ್ಟಿದರು, ಭುಜದಿಂದ ಕೆಳಕ್ಕೆ ತೋಳು ನೀವಿದರು, ಕೆಟ್ಟ ರಕ್ತ ಹೋಗಲೆಂದು ಎರಡೂ ಹೆಬ್ಬೆರಳಿಗೆ ದಾರ ಬಿಗಿದು ಉಗುರಿನ ಬುಡದಲ್ಲಿ ಸೂಜಿಯಿಂದ ಚುಚ್ಚಿದರು. ಕಪ್ಪು ರಕ್ತ ಬಂತು. ಇನ್ನು ಗುಣವಾಯಿತೆಂದು ಮಲಗಿಸಿದರು.

ನಾನು ಆಸ್ಪತ್ರೆಗೆ ಓಡಿದಾಗ ದಾರ ಇನ್ನೂ ಅವನ ಬೆರಳಲ್ಲೇ ಇತ್ತು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿತ್ತು ಎಂದು ವೈದ್ಯರು ನನಗೆ ಹೇಳಿದರು. ಹೃದಯ ನಿಂತಿತು ಎಂದಷ್ಟೇ ನಾನು ಅತ್ತೆಗೆ ಹೇಳಿದೆ. ಮಗನಿಗೆ ಮಾಡಬೇಕಾದ್ದನ್ನೆಲ್ಲ ಮಾಡಿದೆ ಎಂಬ ನಂಬಿಕೆಯಿಂದಲೇ ಅವರು ಉಣ್ಣುತ್ತಿದ್ದರು, ಮಲಗುತ್ತಿದ್ದರು. ಅದೊಂದನ್ನು ನಾನು ಅವರಿಗೆ ಬಿಟ್ಟಿದ್ದೆ.

ಚಿಕ್ಕಮ್ಮ ಬಂದ ದಿನ, ಅವರು ತಂದ ಅಕ್ಕಿಯ ಕಡುಬನ್ನು ಅತ್ತೆ ಮಲಗಿಕೊಂಡೇ ತಿಂದರು. ಹೊಟ್ಟೆ ಉಬ್ಬರಿಸಿತು.

“ದಾರ ತಗೊಂಡ್ಬಾ.”

“ಬೇಡ ಅತ್ತೆ. ಈ ಇಂಜೆಕ್ಷನ್ ತಗೊಳ್ಳುವಾಗ ಚುಚ್ಚಬಾರದು. ರಕ್ತ ನಿಲ್ಲಲ್ಲ.”

“ಬಂದ್ಲಪ್ಪ ಯೂನಿವರ್ಸಿಟಿಯೋಳು! ಓದಿ ಓದಿ ಗಂಡನ್ನ ಉಳಿಸ್ಕೊಂಡ್ಯಾ? ಅವತ್ತು ನೀನೆಲ್ಲಿದ್ದೆ? ಅವನ ಕೈ ಹಿಡ್ಕೊಂಡಿದ್ದೋಳು ನಾನು.”

ಚಿಕ್ಕಮ್ಮ ಅಕ್ಕನ ಹೆಬ್ಬೆರಳಿಗೆ ದಾರ ಬಿಗಿದು, ಹೊಲಿಗೆಯ ಸೂಜಿಗೆ ಎಣ್ಣೆ ತಾಗಲೆಂದು ಅದನ್ನು ತಮ್ಮ ತಲೆಗೂದಲಲ್ಲಿ ಎರಡು ಸಲ ಆಡಿಸಿ ಚುಚ್ಚಿಯೇಬಿಟ್ಟರು. ದಾರ ಬಿಚ್ಚಿದರೂ ರಕ್ತ ನಿಲ್ಲಲಿಲ್ಲ. ತೆಳ್ಳಗೆ ಮಣಿಕಟ್ಟಿನವರೆಗೆ ಇಳಿದು ಹಾಸಿಗೆಗೆ ತೊಟ್ಟಿಕ್ಕಿತು. ನಾನು ಹತ್ತಿ ಇಟ್ಟು ಒತ್ತಿ ಹಿಡಿದೆ. ಹತ್ತಿ ನೆನೆಯಿತು.

“ಯಾಕೇ ನಿಲ್ತಿಲ್ಲ? ಇನ್‌ಸೊಕ್‌ಗೆ ಚುಚ್ಚಿದ ತಕ್ಷಣ ನಿಂತಿತ್ತು. ಎಷ್ಟು ಗಟ್ಟಿ ಇತ್ತು ಅವನ ರಕ್ತ! ಏನು ವಿಷ ಹಾಕ್ತಿದೀಯ ನನಗೆ?”

“ನಿಮ್ಮ ಮಗನಿಗೆ ಕೊಟ್ಟಿದ್ದನ್ನೇ.”

“ಅದು ಬೇರೆ.”

“ಅದೇ ಅತ್ತೆ. ನೀವು ಕಸಕ್ಕೆ ಹಾಕಿದ್ರಲ್ಲ, ಅದೇ. ರಕ್ತ ಗಟ್ಟಿ ಆಗ್ದೇ ಇರ್ಲಿ ಅಂತ ಕೊಟ್ಟಿದ್ರು. ಗಟ್ಟಿಯಾಗಿ ಕಾಲಿಂದ ಎದೆಗೆ ಹೋಯ್ತು. ಅವತ್ತು ಅವರಿಗೆ ಅಜೀರ್ಣ ಆಗಿರ್ಲಿಲ್ಲ.”

ಊಟಕ್ಕೆ ಬನ್ನಿ ಎನ್ನುವ ದನಿಯಲ್ಲಿ ಹೇಳಿದೆ. ಚಿಕ್ಕಮ್ಮ ಕೈಯಲ್ಲಿದ್ದ ದಾರವನ್ನು ಸುತ್ತತೊಡಗಿದರು, ಮತ್ತೆ ಮತ್ತೆ. ಅತ್ತೆ ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. ರಕ್ತ ನಿಂತ ಮೇಲೂ ನೋಡುತ್ತಿದ್ದರು.

ಮರುದಿನ ಬೆಳಿಗ್ಗೆ ಅವರು ಅಂಗಿಯನ್ನು ಎರಡೂ ಕೈಗಳಿಂದ ಹೊಟ್ಟೆಗೆ ಒತ್ತಿ ಹಿಡಿದಿದ್ದರು. ರಾತ್ರಿ ಏನೂ ತಿಂದಿರಲಿಲ್ಲ.

“ಬೇಡ. ಗಟ್ಟಿಯಾಗ್ಲಿ. ನನ್ನ ಎದೆಗೂ ಹೋಗ್ಲಿ.”

“ಚಿಕ್ಕಮ್ಮ, ಕೈ ಹಿಡ್ಕೊಳ್ಳಿ.”

ಚಿಕ್ಕಮ್ಮ ಹಿಡಿದುಕೊಂಡರು. ನಾನು ಅಂಗಿ ಸರಿಸಿ, ಕಲೆಯಿಲ್ಲದ ಜಾಗ ಹುಡುಕಿ, ಚರ್ಮ ಹಿಡಿದೆತ್ತಿದೆ.

“ಬಿಟ್ಬಿಡು ಮಗಳೇ.”

ಆ ಮನೆಗೆ ಬಂದ ಮೇಲೆ ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು.

“ನೀವು ಬದುಕ್ಬೇಕು ಅತ್ತೆ. ತುಂಬಾ ವರ್ಷ.”

ಸೂಜಿ ಇಳಿಸಿದೆ. ಔಷಧ ಪೂರ್ತಿ ಒಳಗೆ ಹೋಗುವವರೆಗೆ ಹಿಡಿತ ಬಿಡಲಿಲ್ಲ. ಅಂದು ಅವರು ಉಜ್ಜಿಕೊಳ್ಳಲಿಲ್ಲ.