ಸಮೋವರಿನ ಮೇಲಿನ ಕೆಂಪು ಚುಕ್ಕಿ

ರಾತ್ರಿ ಅಡುಗೆಮನೆಯಿಂದ ಚರ್ರೆಂದು ಸಣ್ಣ ಸದ್ದು ಕೇಳಿತು, ಅಂಟಿದ ಕಾಗದವನ್ನು ಯಾರೋ ಉಗುರಿನಿಂದ ಎಬ್ಬಿಸಿದ ಹಾಗೆ. ಉಸಿರು ಹಿಡಿದು ಕಿವಿಗೊಟ್ಟೆ. ಮತ್ತೆ ಕೇಳಲಿಲ್ಲ. ಫ್ರಿಜ್ಜಿನದಿರಬೇಕು ಎಂದುಕೊಂಡೆ. ಪಕ್ಕದಲ್ಲಿ ನನ್ನ ಗಂಡ ಇರಜ್ ಗೊರಕೆ ಹೊಡೆಯುತ್ತಿದ್ದ. ನಿದ್ದೆ ಹೇಗೂ ಹಾರಿಹೋಗಿತ್ತು, ಕತ್ತಲಲ್ಲೇ ಬಾಯಿಪಾಠ ಶುರು ಮಾಡಿದೆ. ಜಠರ ಅವನು. ಯಕೃತ್ತು ಅವಳು. ಹೃದಯ ಅದು. ಕೆಮ್ಮು ಅವನು, ಮುಲಾಮು ಅವಳು, ಜ್ವರ ಅದು.

ಜರ್ಮನ್ ಭಾಷೆಯಲ್ಲಿ ಪ್ರತಿ ವಸ್ತುವಿನ ಹೆಸರಿನ ಮುಂದೆಯೂ ಅವನು, ಅವಳು, ಅದು ಎನ್ನುವ ದೆರ್, ದೀ, ದಸ್‌ಗಳಲ್ಲಿ ಒಂದು ನಿಂತಿರುತ್ತದೆ. ಯಾಕೆ ಹಾಗೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಮ್ಮ ಫಾರ್ಸಿಯಲ್ಲಿ ಅವನಿಗೂ ಅವಳಿಗೂ ಒಂದೇ ಪದ. ಗಂಡಸು ಹೆಂಗಸರಿಗೇ ಭೇದ ಮಾಡದ ನಾಲಿಗೆ ಈಗ ಕುರ್ಚಿಗೂ ಗೋಡೆಗೂ ಭೇದ ಮಾಡಬೇಕಿತ್ತು.

ನಮ್ಮೂರು ಶಿರಾಜಿನಲ್ಲಿ ನನ್ನದೇ ಔಷಧದಂಗಡಿ ಇತ್ತು. ಇಲ್ಲಿ ಕಾಸೆಲ್‌ನಲ್ಲಿ ಇನ್ನೊಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ಪೆಟ್ಟಿಗೆ ಬಿಚ್ಚುತ್ತೇನೆ. ಔಷಧಿಕಾರರ ಭಾಷಾ ಪರೀಕ್ಷೆ ಪಾಸಾಗದೆ ಗಿರಾಕಿಯ ಮುಂದೆ ನಿಲ್ಲುವಂತಿಲ್ಲ. ಒಮ್ಮೆ ಫೇಲಾಗಿದ್ದೆ. ಉತ್ತರದ ಸಮುದ್ರತೀರದ ರೋಸ್ಟಾಕ್‌ನಲ್ಲಿ ಔಷಧದಂಗಡಿಯವರೊಬ್ಬರು ನನಗಾಗಿ ಕೆಲಸ ಕಾದಿರಿಸಿದ್ದರು. ಈ ಸಲವೂ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಬಹಳ ಮರ್ಯಾದೆಯಿಂದ ಹೇಳಿದ್ದರು.

ಅದಕ್ಕೇ ಮನೆಯ ತುಂಬ ಬಣ್ಣದ ಕಾಗದದ ಅಂಟುಚುಕ್ಕಿ. ಇಲ್ಲಿ ಭಾಷೆ ಕಲಿಯುವವರೆಲ್ಲ ಮಾಡುವ ಕೆಲಸವೇ ಅದು. ಅವನಿಗೆ ನೀಲಿ, ಅವಳಿಗೆ ಕೆಂಪು, ಅದಕ್ಕೆ ಹಸಿರು. ನಿಘಂಟು ನೋಡಿ ಬಾಗಿಲು, ನಲ್ಲಿ, ಸಕ್ಕರೆ ಡಬ್ಬಿ, ಕೊನೆಗೆ ಚಹಾಕ್ಕೆ ನೀರು ಕಾಯಿಸುವ ಅಜ್ಜಿಯ ಕಾಲದ ಸಮೋವರಿಗೂ ಅಂಟಿಸಿದ್ದೆ. ಹೋಗುತ್ತಾ ಬರುತ್ತಾ ನೋಡಿದರೆ ತಾನಾಗಿ ತಲೆಗೆ ಇಳಿಯುತ್ತದೆ ಎಂದು ಟೀಚರು ಫ್ರಾವ್ ಹಾರ್ಮ್ಸ್ ಹೇಳಿದ್ದರು.

ಇಳಿದದ್ದು ತಪ್ಪುಗಳು.

"ಪರದೆ ಅವಳಾ?" ಫ್ರಾವ್ ಹಾರ್ಮ್ಸ್ ಕನ್ನಡಕ ಕೆಳಗೆ ಸರಿಸಿದರು. "ಹೋದ ವಾರ ಸರಿಯಾಗಿ ಹೇಳಿದ್ರಲ್ಲ, ಅವನು ಅಂತ?"

"ಹೌದಾ?"

"ಕಿಟಕೀನೂ ಹಾಗೇ ಆಯ್ತು. ಸಕ್ಕರೇನೂ. ಒಂದೆರಡು ತಪ್ಪಿದ್ರೆ ಪರೀಕ್ಷೇಲಿ ಮನ್ನಿಸ್ತಾರೆ, ವಾಕ್ಯಕ್ಕೊಂದು ಆದ್ರೆ ನಾನೇನು ಮಾಡ್ಲಿ? ಎಲ್ಲರೂ ಮುಂದಕ್ಕೆ ಹೋಗ್ತಾರೆ, ನೀವು ಹಿಂದಕ್ಕೆ ಹೋಗ್ತಿದೀರಿ. ಮನೇಲಿ ಓದ್ತಿದೀರಾ ತಾನೆ?"

ಕಿವಿ ಬಿಸಿಯಾಯಿತು. ಮಾತ್ರೆಗಳ ಹೆಸರು, ಪ್ರಮಾಣ, ಯಾವುದರ ಜೊತೆ ಯಾವುದು ಕೂಡದು, ಎಲ್ಲವನ್ನೂ ನೆನಪಿಟ್ಟಿದ್ದ ತಲೆ ಇದೇನಾ? ಅಮ್ಮನಿಗೆ ಕೊನೆಗಾಲದಲ್ಲಿ ಮರೆವು ಬಂದಿತ್ತು. ಬಸ್ಸಿನಲ್ಲಿ ಅದೇ ಯೋಚನೆ ಮಾಡುತ್ತಾ ನನ್ನ ಸ್ಟಾಪು ದಾಟಿಬಿಟ್ಟೆ.

ಇರಜ್‌ಗೆ ಇದೆಲ್ಲ ತಮಾಷೆ. ಅವನು ಇದೇ ಊರಿನಲ್ಲಿ ಬಸ್ಸು ಓಡಿಸುತ್ತಾನೆ. "ನನ್ನ ಥರ 'ದ' ಅಂತ ಅರ್ಧ ಉಗುಳಿ ಉಳಿದಿದ್ದು ನುಂಗಿಬಿಡು. ಬಸ್ಸು ಗಂಡೋ ಹೆಣ್ಣೋ, ಓಡಿದ್ರೆ ಸಾಕು."

"ನಾನು ನುಂಗಿದ್ರೆ ಕೆಲಸಾನೂ ನುಂಗಿದ ಹಾಗೆ. ನಿನಗೇನು, ಬಸ್ಸು ತಿರುಗಿ ಮಾತಾಡಲ್ಲ."

ಮಗಳು ಗೊಲ್ನಾರ್ ನಗಲಿಲ್ಲ. ಅವಳಿಗೆ ಹತ್ತು ವರ್ಷ, ಕೈಗೂಸಾಗಿ ಬಂದವಳು, ಈ ಭಾಷೆ ಅವಳಿಗೆ ಉಸಿರಾಟದ ಹಾಗೆ. ಅಂಗಡಿಯಲ್ಲಿ ನಾನು ಬಾಯಿ ತೆರೆದರೆ ಸಾಕು, ತೋಳು ಚಿವುಟಿ "ಅವಳು ಅಲ್ಲಮ್ಮ, ಅದು" ಎಂದು ಪಿಸುಗುಟ್ಟುತ್ತಿದ್ದಳು. ಈಚೆಗೆ ಚಿವುಟುವುದನ್ನು ನಿಲ್ಲಿಸಿದ್ದಳು. ಇವಳೂ ನನ್ನ ಮೇಲಿನ ಆಸೆ ಬಿಟ್ಟಳು ಎಂದುಕೊಂಡಿದ್ದೆ.

ಪರೀಕ್ಷೆ ಹತ್ತಿರವಾಗಿತ್ತು. ಇನ್ನೊಂದು ರಾತ್ರಿ ಅದೇ ಚರ್ರೆಂಬ ಸದ್ದು. ಈ ಸಲ ಎದ್ದು ಬರಿಗಾಲಲ್ಲಿ ಹೋದೆ.

ಗೊಲ್ನಾರ್ ಸ್ಟೂಲಿನ ಮೇಲೆ ನಿಂತಿದ್ದಳು. ಬೀದಿದೀಪದ ಬೆಳಕು ಸಮೋವರಿನ ಹೊಟ್ಟೆಯ ಮೇಲೆ ಬಿದ್ದಿತ್ತು. ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀಲಿ ಚುಕ್ಕಿಯನ್ನು ಕಿತ್ತಳು. ಬೆರಳ ತುದಿಯಲ್ಲಿ ಸಿದ್ಧವಾಗಿದ್ದ ಕೆಂಪು ಚುಕ್ಕಿಯನ್ನು ಅದೇ ಜಾಗದಲ್ಲಿ ಅಂಟಿಸಿ, ಅಂಚು ಏಳದಂತೆ ಹೆಬ್ಬೆರಳಿನಿಂದ ಒತ್ತಿದಳು. ಕಸೂತಿ ಹಾಕುವವಳ ಹಾಗೆ, ಅಷ್ಟು ನಿಗಾ ಇಟ್ಟು.

ನಾನು ಹಿಂದೆ ಸರಿದು ಹಾಸಿಗೆಗೆ ಮರಳಿದೆ. ಈಗಲೇ ಹೋಗಿ ಕೆನ್ನೆಗೊಂದು ಕೊಡಬೇಕು ಎನ್ನುವಷ್ಟು ಸಿಟ್ಟು. ಎಷ್ಟು ದಿನ ನನ್ನ ತಲೆಯನ್ನೇ ಬೈದುಕೊಂಡಿದ್ದೆ! ಆಮೇಲೆ ಒಂದೊಂದೇ ನೆನಪಾಯಿತು. ರೋಸ್ಟಾಕ್ ಮಾತು ಬಂದ ದಿನ ಊಟ ಬಿಟ್ಟು ಎದ್ದಿದ್ದಳು. ಅವಳದೂ ಗೆಳತಿ ಫ್ರೀಡಾಳದೂ ಸೇರಿ ಒಂದು ಮೊಲವಿದೆ, ಫ್ರೀಡಾಳ ಮನೆಯ ತೋಟದಲ್ಲಿ. ಅಲ್ಲಿ ಸಮುದ್ರ ಇದೆ ಕಣೇ ಎಂದು ನಾನು ಪುಸಲಾಯಿಸಿದರೆ, "ಮೊಲಕ್ಕೆ ಸಮುದ್ರ ಯಾಕೆ?" ಎಂದಿದ್ದಳು.

ನಾನು ಪಾಸಾದರೆ ಅವಳು ಊರು ಬಿಡಬೇಕು. ಅಷ್ಟೇ ಲೆಕ್ಕ.

ಬೆಳಿಗ್ಗೆ ಅವರಿಬ್ಬರೂ ಏಳುವ ಮೊದಲು ನಿಘಂಟು ತೆರೆದು ನೋಡಿದೆ. ಕಿಟಕಿ ತಪ್ಪು, ಪರದೆ ತಪ್ಪು, ಸಕ್ಕರೆ ತಪ್ಪು. ನನಗೆ ಮೊದಲೇ ಅನುಮಾನವಿದ್ದವುಗಳನ್ನೇ ಆರಿಸಿ ಬದಲಿಸಿದ್ದಳು. ಬಾಗಿಲನ್ನು ಮುಟ್ಟಿರಲಿಲ್ಲ, ಅದು ನನಗೆ ಗಟ್ಟಿ ಎಂದು ಅವಳಿಗೆ ಗೊತ್ತಿತ್ತು.

ತಿಂಡಿಯ ಹೊತ್ತಿಗೆ ಇರಜ್ ಫ್ರಾವ್ ಹಾರ್ಮ್ಸ್ ತಿದ್ದಿದ ಹಾಳೆಯನ್ನು ಎತ್ತಿಕೊಂಡ. "ಅಬ್ಬಬ್ಬಾ ಮಹ್‌ರುಖ್ ಜಾನ್, ಕೆಂಪು ಶಾಯಿಗೆ ಬರಗಾಲ ತಂದಿದೀಯಲ್ಲೇ! ಮನೆ ತುಂಬ ಬಣ್ಣ ಬಳಿದ್ರೂ ಇಷ್ಟೇನಾ?"

ಬೆಣ್ಣೆ ಸವರುತ್ತಿದ್ದ ಗೊಲ್ನಾರಳ ಚಾಕು ನಿಂತಿತು. "ಅಪ್ಪಾ, ಅಮ್ಮಂಗೆ ಹಾಗನ್ಬೇಡ. ಅದು ಅಮ್ಮ ಅಲ್ಲ, ಅದು..."

"ನಾನೇ," ಎಂದೆ. "ಕಣ್ಣುಮುಚ್ಚಿ ಅಂಟಿಸಿದೀನಿ. ನಿಂಗೆ ಸ್ಕೂಲಿಗೆ ಹೊತ್ತಾಗಲ್ವಾ?"

ಅವಳು ನನ್ನ ಮುಖವನ್ನು ಒಮ್ಮೆ ನೋಡಿ ತಟ್ಟೆಯ ಕಡೆ ತಿರುಗಿದಳು. ಬಾಗಿಲ ಬಳಿ ಶೂ ಹಾಕಿಕೊಳ್ಳುತ್ತಾ, ತಲೆ ಎತ್ತದೆ ಕೇಳಿದಳು.

"ಪಾಸಾದ್ರೆ ಹೋಗ್ಲೇಬೇಕಾ?"

"ಹೋಗ್ಲೇಬೇಕು."

"ಮೊಲ?"

"ಫ್ರೀಡಾಳ ಅಮ್ಮನ ಹತ್ರ ನಾನು ಮಾತಾಡ್ತೀನಿ."

"ಬೇಡ. ನೀನು ಮೊಲಾನ 'ಅವಳು' ಅಂತೀಯ. ನಾನೇ ಮಾತಾಡ್ತೀನಿ." ಮೂಗು ಒರೆಸಿಕೊಂಡು ಮೆಟ್ಟಿಲಿಳಿದಳು.

ಸಿಟ್ಟು ಇನ್ನೂ ಇಳಿದಿರಲಿಲ್ಲ. ಸಮೋವರಿನ ಮೇಲಿನ ಕೆಂಪು ಚುಕ್ಕಿಯ ಅಂಚಿಗೆ ಉಗುರು ಹಾಕಿದವಳು ಹಾಗೇ ಬಿಟ್ಟೆ. ತೆಗೆದರೆ ನನಗೆ ಗೊತ್ತಾಗಿದೆ ಎಂದು ಅವಳಿಗೆ ತಿಳಿಯುತ್ತದೆ. ಫ್ರಾವ್ ಹಾರ್ಮ್ಸ್ ಕೇಳಿದರೆ ಓದಿರಲಿಲ್ಲ ಎಂದರಾಯಿತು. ಇರಜ್ ನಕ್ಕರೆ ನಗಲಿ. ಕತ್ತಲಲ್ಲಿ ನಿಂತು ನೋಡಿದ್ದನ್ನು ನಾನು ಯಾರಿಗೂ ಹೇಳುವುದಿಲ್ಲ, ಗೊಲ್ನಾರ್‌ಗೂ ಹೇಳುವುದಿಲ್ಲ. ನಿಘಂಟನ್ನು ಚೀಲಕ್ಕೆ ಹಾಕಿಕೊಂಡು, ಚುಕ್ಕಿಗಳ ಕಡೆ ನೋಡದೆ ಬಸ್ಸಿಗೆ ಹೊರಟೆ.