ಸಾಹೇಬರ ಬಳುಕು ಅಕ್ಷರ

ಕಚೇರಿಗೆ ಬರುವ ಕಳ್ಳ ಮೇಲ್‌ಗಳನ್ನು ಹಿಡಿಯುವುದು ನನ್ನ ಕೆಲಸ. ಕಳ್ಳರು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರಬೇಕು. ಬಹುಮಾನಕ್ಕಿರುವ ಇಂಗ್ಲಿಷ್ ಪದವನ್ನು ನಾನು ತಡೆದರೆ, ಅವರು ಅದರಲ್ಲೊಂದು ಅಕ್ಷರ ಕಿತ್ತು, ಅದರಂತೆಯೇ ಕಾಣುವ ರಷ್ಯನ್ ಅಕ್ಷರ ಕೂರಿಸುತ್ತಾರೆ. ನಮ್ಮ ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಅಕ್ಷರವೆಂದರೆ ಬರೀ ಸಂಖ್ಯೆ. ಸಂಖ್ಯೆ ಬದಲಾದರೆ ಅದಕ್ಕೆ ಪದವೇ ಬೇರೆ. ಹಾಗೆ ನುಸುಳಿದ ಮೇಲ್ ನಂಬಿ ಯಾವನೋ ಮಹಾನುಭಾವ ಪಾಸ್‌ವರ್ಡ್ ಕೊಟ್ಟು ಕೂತರೆ ಬೈಗುಳ ನನಗೆ.

ರೋಸಿಹೋಗಿ ಮೇಲ್ ಸೋಸುವ ಪ್ರೋಗ್ರಾಂ ಬರೆದೆ, ಒಂದು ಜರಡಿ. ವಿಚಿತ್ರ ಸಂಖ್ಯೆಯ ಅಕ್ಷರ ಒಂದಿದ್ದರೂ ಸಾಕು, ಮೇಲ್ ಬಲೆಗೆ ಬೀಳಬೇಕು. ಸಾಹೇಬರು ಮೆಚ್ಚಿಕೊಂಡು, ಯಾರಿಗೂ ವಿನಾಯಿತಿ ಬೇಡ, ಬಲೆಗೆ ಬಿದ್ದದ್ದನ್ನು ಬಿಡಲು ತಮ್ಮ ಒಪ್ಪಿಗೆ ಮೇಲ್‌ನಲ್ಲೇ ಬರಬೇಕು ಎಂದು ಮೇಲ್ ಹಾಕಿದರು. ಗಾಜಿನ ಗೋಡೆಯಾಚೆ ಕೂತು, ನನ್ನ ಮುಖ ನೋಡುತ್ತಲೇ, ಫ್ಯಾನ್ ಆರಿಸಿ ಎಂದು ಮೇಲ್ ಹಾಕುವ ಮನುಷ್ಯ ಅವರು. ನಿನ್ನೆ ಬೆಳಿಗ್ಗೆ ಜರಡಿ ಶುರುವಾದಾಗಿನಿಂದ ಅವರದೊಂದು ಮೇಲೂ ಇಲ್ಲ. ಬುದ್ಧಿ ಬಂತೆಂದುಕೊಂಡೆ.

ಆದರೆ ನನ್ನ ರಜೆಗೂ ಉತ್ತರವಿಲ್ಲ. ನಾಳೆ ಅಮ್ಮನ ಕಣ್ಣಿನ ಪೊರೆ ತೆಗೆಯುತ್ತಾರೆ. ಜೊತೆಗೆ ಮನೆಯವರು ಇಲ್ಲದಿದ್ದರೆ ಆಸ್ಪತ್ರೆಯವರು ಒಳಗೇ ಬಿಡುವುದಿಲ್ಲ. ಈ ತಾರೀಕು ತಪ್ಪಿದರೆ ಮತ್ತೆ ಸಾಲಿನ ಕೊನೆ. ಸಾಹೇಬರ ಒಪ್ಪಿಗೆ ಹಾಜರಿ ವಿಭಾಗಕ್ಕೆ ಮೇಲ್‌ನಲ್ಲಿ ಮುಟ್ಟದೆ ರಜೆ ಹಾಕಿದವರ ಕೆಲಸಕ್ಕೇ ಕುತ್ತು.

ಮಧ್ಯಾಹ್ನ ಅಮ್ಮ ಫೋನ್ ಮಾಡಿದಳು.

"ರಜೆ ಕೊಟ್ರೇನೇ?"

"ಎಲ್ಲಿ ಕೊಡ್ತಾರೆ! ಬಾಯಿಗೆ ಬೀಗ ಹಾಕ್ಕೊಂಡು ಕೂತಿದಾರೆ."

"ಹೋಗ್ಲಿ ಬಿಡೇ, ಇನ್ನೊಂದು ಕಣ್ಣಿದೆಯಲ್ಲ."

ಫೋನ್ ಇಟ್ಟೆ. ನೇರ ಸಾಹೇಬರ ಕೋಣೆಗೆ ನುಗ್ಗಿದೆ.

"ಸಾರ್, ನನ್ನ ರಜೆ?"

"ನಿನ್ನೆನೇ ಕೊಟ್ಟೆನಲ್ರೀ! ಹಾಜರಿಯವರಿಗೂ ಮೇಲ್ ಹೋಗಿದೆ."

ವಾಪಸ್ ಬಂದು ಬಲೆಯೊಳಗೆ ಇಣುಕಿದೆ. ಲಾಟರಿ, ಬಹುಮಾನಗಳ ನಡುವೆ ಸಾಹೇಬರು! ಅವರ ಪ್ರತಿ ಮೇಲ್‌ನ ಕೊನೆಯಲ್ಲಿ ಬಳುಕುವ ಅಕ್ಷರದಲ್ಲಿ ಅವರ ಹೆಸರಿರುತ್ತದೆ. ಗಣಿತದವರಿಗೆಂದು ಬೇರೆಯೇ ಸಂಖ್ಯೆ ಕೊಟ್ಟು ಮಾಡಿದ ಆ ಅಕ್ಷರಗಳನ್ನು ಅಂದಕ್ಕೆಂದು ಎಲ್ಲಿಂದಲೋ ತಂದು ಅಂಟಿಸಿಕೊಂಡಿದ್ದಾರೆ. ಅದು ನನಗೆ ಗೊತ್ತಿಲ್ಲದ್ದೇನಲ್ಲ. ದಿನಾ ಕಣ್ಣೆದುರಿಗೆ ಇರುವುದನ್ನು ಯಾರು ನೋಡುತ್ತಾರೆ?

ಮತ್ತೆ ಹೋದೆ. "ಸಾರ್, ಹೆಸರನ್ನ ಸಾದಾ ಅಕ್ಷರದಲ್ಲಿ ಹಾಕಿ ಇನ್ನೊಂದ್ಸಲ ಕಳಿಸಿ."

"ಅದು ನನ್ನ ಗುರುತು ಕಣ್ರೀ. ಬದಲಾಯಿಸೋಕಾಗಲ್ಲ."

"ಹಾಗಾದ್ರೆ ಬಲೆಯಿಂದ ಬಿಡೋಕೆ ಒಪ್ಪಿಗೆ ಕೊಡಿ."

ಟಕಟಕ ಕುಟ್ಟಿ, "ಹಾಕಿದೀನಿ, ನೋಡ್ಕೊಳ್ಳಿ" ಎಂದರು. ನೋಡಿದೆ. ಒಪ್ಪಿಗೆಯೂ ಬಳುಕುತ್ತಾ ಹೋಗಿ ಅದೇ ಬಲೆಗೆ ಬಿದ್ದಿತ್ತು. ತಲೆ ಚಚ್ಚಿಕೊಳ್ಳುವುದಕ್ಕೆ ಗೋಡೆಯೂ ಗಾಜಿನದು. ಸಾಹೇಬರದ್ದನ್ನಷ್ಟೇ ಬಿಟ್ಟರೆ ಅದು ವಿನಾಯಿತಿ, ಎಲ್ಲವನ್ನೂ ಬಿಟ್ಟರೆ ಅಲ್ಲವಲ್ಲ!

"ಈಗ ಬರೋ ಮೇಲ್‌ಗಳಲ್ಲಿ ಯಾರೂ ಏನನ್ನೂ ಒತ್ತಬೇಡಿ!" ಎಂದು ಇಡೀ ಕಚೇರಿಗೆ ಕೇಳುವಂತೆ ಕೂಗಿ, ಜರಡಿ ತೆಗೆದು ಬಲೆಯ ಬಾಯಿ ಬಿಚ್ಚಿಬಿಟ್ಟೆ. ರಜೆಯ ಮೇಲ್ ಬಂತು. 'ಹೋಗಿ ಬನ್ನಿ, ತಾಯಿಯವರಿಗೆ ಒಳ್ಳೆಯದಾಗಲಿ.' ಓದಿ ಸಿಟ್ಟು ಸ್ವಲ್ಪ ಇಳಿದದ್ದು ನಿಜ. ಹಾಜರಿಯವರಿಗೂ ತಲುಪಿತು. ಅದರ ಬೆನ್ನಿಗೇ ಲಾಟರಿಗಳು, ಬಹುಮಾನಗಳು, ಬೋಳು ತಲೆಯ ಔಷಧಿಗಳು. ಮೇಜು ಮೇಜಿನಲ್ಲೂ ಟಿಂಗ್ ಟಿಂಗ್.

ನಾನು ಚೀಲ ಹೆಗಲಿಗೇರಿಸಿದೆ. ಗಾಜಿನ ಬಾಗಿಲು ದಡಾರನೆ ತೆರೆಯಿತು. ಸಾಹೇಬರು ಹೊರಗೆ ಬಂದು ಬಾಯಿಬಿಟ್ಟು ಕೂಗಿದ್ದನ್ನು ಅಂದೇ ಮೊದಲು ಕೇಳಿದ್ದು.

"ಏನ್ರೀ ಇದೆಲ್ಲಾ?"

"ಮೇಲ್ ಹಾಕಿ ಸಾರ್," ಎಂದೆ. "ಅಮ್ಮನ ಕಣ್ಣಿನ ಕಟ್ಟು ಬಿಚ್ಚಿದ್ಮೇಲೆ ನೋಡ್ತೀನಿ."